ಎರಡನೆಯ ಸಾಕ್ಷಿ

ಭಾಲ್ಕಿ,
೫ ಫೆಬ್ರುವರಿ ೨೦೨೪

ಪ್ರೀತಿಯ ತಂಗಿ ಜೂಲಿ,

ಹೇಗಿದ್ದೀ? ಹೈದರಾಬಾದಿನ ಆಸ್ಪತ್ರೆಯ ಕೆಲಸದಲ್ಲಿ ಊಟ ಬಿಟ್ಟು ಚಹಾದ ಮೇಲೆ ದಿನ ತಳ್ಳಬೇಡ. ಮದುವೆಗೆ ಎರಡೇ ತಿಂಗಳು, ಸೀರೆ ನಿಲ್ಲಲಿಕ್ಕಾದರೂ ಸ್ವಲ್ಪ ಮೈ ಬೇಕು. ಫೋನು ಮಾಡಿದರೆ ನೀನು ಅಳುತ್ತೀ, ನಾನು ರೇಗುತ್ತೇನೆ. ಅದಕ್ಕೇ ಈ ಕಾಗದ.

ನನ್ನ ಎದೆಯ ಕ್ಯಾನ್ಸರಿನ ಆಪರೇಷನ್ ಆಗಿ ಎರಡು ವರ್ಷವಾಯಿತು. ಐದು ವರ್ಷ ದಿನಕ್ಕೊಂದು ಮಾತ್ರೆ ತಪ್ಪದೆ ನುಂಗಬೇಕೆಂದು ಡಾಕ್ಟರು ಹೇಳಿದ್ದು ನಿನಗೆ ಗೊತ್ತು. ನಾನು ಮೂರು ತಿಂಗಳು ಅದನ್ನು ಮುಟ್ಟಲಿಲ್ಲ ಎಂಬುದು ಗೊತ್ತಿಲ್ಲ. ಸೆಪ್ಟೆಂಬರಿನ ಸುಗ್ಗಿಯ ಆರಾಧನೆಯ ದಿನ ಅಣ್ಣ ಎಬನೇಜರ ನನ್ನನ್ನು ಚರ್ಚಿನಲ್ಲಿ ಎಬ್ಬಿಸಿ ನಿಲ್ಲಿಸಿದ. ಕರ್ತನು ನನ್ನನ್ನು ಪೂರ್ತಿ ಗುಣಪಡಿಸಿದನೆಂದು ಸಾಕ್ಷಿ ಹೇಳಿದೆ. ಎಲ್ಲರೂ ಅತ್ತರು, ನಾನೂ ಅತ್ತೆ. ಮರುದಿನ ಮಾತ್ರೆ ತೆಗೆದರೆ ಅಣ್ಣ, “ಸಾಕ್ಷಿ ಕೊಟ್ಟ ಮ್ಯಾಲ ಗುಳಗಿ ನುಂಗಿದ್ರ ಸಾಕ್ಷಿ ಸುಳ್ಳಾಗಂಗಿಲ್ಲೇನು?” ಅಂದ. ಇಪ್ಪತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದ ನಾನು ಆ ಮಾತಿಗೆ ತಲೆಯಾಡಿಸಿದೆನಲ್ಲ, ನಾಚಿಕೆಯಾಗುತ್ತದೆ.

ಡಿಸೆಂಬರಿನಲ್ಲಿ ತಪಾಸಣೆಗೆ ಬೀದರಿಗೆ ಹೋದಾಗ ಡಾಕ್ಟರ್ ಶೈಲಶ್ರೀ, “ದೇವ್ರು ಗುಣಾ ಮಾಡ್ಯಾನ, ಖರೇ ಅದ. ಗುಳಗಿ ಬಿಡು ಅಂತ ಯಾವಾಗ ಹೇಳ್ಯಾನ್ರಿ ಟೀಚರ್?” ಅಂದರು. ಅಂದೇ ಮಾತ್ರೆ ಮತ್ತೆ ಶುರುಮಾಡಿದೆ. ಔರಾದದಲ್ಲಿ ಅವ್ವ ನಲವತ್ತೊಂದಕ್ಕೆ, ದೊಡ್ಡವ್ವ ಮೂವತ್ತೆಂಟಕ್ಕೆ ಇದೇ ರೋಗದಲ್ಲಿ ಹೋದದ್ದನ್ನು ಕೇಳಿ, ವಂಶವಾಹಿಯ ಪರೀಕ್ಷೆಗೆ ನನ್ನ ರಕ್ತವನ್ನೂ ತೆಗೆದುಕೊಂಡರು. ಫಲಿತಾಂಶ ಬಂದಿದೆ. ಅಣ್ಣ, “ಮದ್ವಿ ಆಗೂ ತನಕ ಜೂಲಿಗಿ ಹೇಳಬ್ಯಾಡ, ಬೀಗರು ಹಿಂದ ಸರೀತಾರ” ಅನ್ನುತ್ತಾನೆ. ಸರಿಯುವವರು ಇಂದೇ ಸರಿಯಲಿ. ಮದುವೆಗಿಂತ ನೀನು ನನಗೆ ಹೆಚ್ಚು.

ನಿನ್ನೆ ಭಾನುವಾರ ಯಾರೂ ಕರೆಯದೆ ನಾನೇ ಎದ್ದು ನಿಂತೆ. “ಕರ್ತ ನನ್ನ ಉಳಿಸ್ಯಾನ. ಗುಳಗಿನೂ ಅವನೇ ಕೊಟ್ಟಾನ. ಇನ್ನೂ ಮೂರು ವರ್ಷ ನುಂಗ್ತೇನಿ, ಯಾರರ ಏನರ ಅನ್ಲಿ” ಅಂದೆ. ಪಾಸ್ಟರು ಕೆಮ್ಮಿದರು. ಅಣ್ಣ ಹಾಡಿನ ಪುಸ್ತಕದಿಂದ ತಲೆಯೆತ್ತಲಿಲ್ಲ. ಹಿಂದಿನ ಸಾಲಿನಿಂದ ಕ್ರಿಸ್ತಪ್ಪನ ಹೆಂಡತಿ ಮಾತ್ರ ಗಟ್ಟಿಯಾಗಿ ಆಮೆನ್ ಅಂದಳು. ಆಕೆಯೂ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಕದ್ದು ನುಂಗುತ್ತಾಳಂತೆ.

ಕರ್ತನ ಕೈ ನಿನ್ನ ತಲೆಯ ಮೇಲಿರಲಿ.

ನಿನ್ನ ಅಕ್ಕ,
ಹೆಲೆನ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ. ನನ್ನ ವಂಶವಾಹಿಯಲ್ಲಿ ದೋಷ ಇದೆ, ಅವ್ವನಿಂದ ಬಂದದ್ದು. ನಿನಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಬಂದಿದ್ದರೂ ರೋಗವೇ ಬಂತೆಂದಲ್ಲ, ಮೊದಲೇ ಎಚ್ಚರವಹಿಸಬಹುದು. ಈ ತಿಂಗಳ ಹತ್ತೊಂಬತ್ತಕ್ಕೆ ಬೀದರಿಗೆ ಬಾ, ಅದೇ ಪರೀಕ್ಷೆಗೆ ನಿನ್ನ ಹೆಸರು ಬರೆಸಿದ್ದೇನೆ. ಈ ದೋಷ ಗಂಡಸರಲ್ಲೂ ಇರುತ್ತದೆ, ಅವರಿಂದ ಮಕ್ಕಳಿಗೂ ಹೋಗುತ್ತದೆ. ಅಣ್ಣನಿಗೆ ಇಬ್ಬರು ಹೆಣ್ಣುಮಕ್ಕಳು. ಅವನ ಹೆಸರನ್ನೂ ಬರೆಸಿದ್ದೇನೆ. ಅವನಿಗಿನ್ನೂ ಹೇಳಿಲ್ಲ.