ತೊಂಬತ್ತನೇ ಜಾಗದ ಮಾವನಿಗೆ

ನನ್ನ ಪ್ರೀತಿಯ ಮಾವಾ,

ಸೋದರಮಾವ ಈಗ ಗಂಡನ ತಂದೆಯೂ ಆದದ್ದರಿಂದ ಇನ್ನು ಮೇಲೆ ‘ನೀವು’ ಎನ್ನಬೇಕೆಂದು ಅತ್ತೆ ತಿದ್ದಿದ್ದಾರೆ. ಈ ಪತ್ರದಲ್ಲಿ ಮಾತ್ರ ನೀನೇ. ಹೌದು, ಮದುವೆಯಾಯಿತು! ನಿನ್ನ ಮಗ, ನನ್ನ ಗಿರಿ ಭಾವ, ಈಗ ನನ್ನ ಗಂಡ; ಬರೆಯುವಾಗಲೂ ನಗು ಬರುತ್ತಿದೆ. ಧಾರೆಯ ಹೊತ್ತಿಗೆ ನಿನ್ನ ಜಾಗದಲ್ಲಿ ಅವನ ಚಿಕ್ಕಪ್ಪ ನಿಂತಿದ್ದರು. ನಾನು ಆ ಕಡೆ ನೋಡಲಿಲ್ಲ.

ನೆನಪಿದೆಯಾ, ಬೇಸಿಗೆ ರಜೆಗೆ ಮಡಕಶಿರದಿಂದ ರಾಯದುರ್ಗಕ್ಕೆ ಬಂದರೆ ಮನೆಗಿಂತ ಮೊದಲು ನಿನ್ನ ಜೀನ್ಸ್ ಹೊಲಿಯುವ ಶೆಡ್ಡಿಗೆ ಓಡುತ್ತಿದ್ದೆ? ಮೂಲೆಯಲ್ಲಿ ನಿನ್ನ ಲಿನಕ್ಸ್ ಕಂಪ್ಯೂಟರ್. ಕರೆಂಟು ಹೋಗಿ ಬಂದಾಗೆಲ್ಲ ಅದು ತಾನೇ ಎದ್ದು, ನೀನು ಜೋಡಿಸಿಟ್ಟ ಸ್ಕ್ರಿಪ್ಟ್‌ಗಳನ್ನು, ಆ ಪುಟ್ಟ ಪುಟ್ಟ ಪ್ರೋಗ್ರಾಂಗಳನ್ನು, ಒಂದೊಂದಾಗಿ ಓಡಿಸುತ್ತಿತ್ತು. ಪ್ರತಿಯೊಂದರ ಹೆಸರಿಗೂ ಮುಂದೊಂದು ಸಂಖ್ಯೆ, ಚಿಕ್ಕದು ಮೊದಲು. ಹತ್ತು ಅಂದರೆ ನೆಟ್‌ವರ್ಕ್, ಇಪ್ಪತ್ತು ಅಂದರೆ ಆರ್ಡರು, ಅಳತೆಗಳೆಲ್ಲ ಇರುವ ಡೇಟಾಬೇಸ್. ಎಲ್ಲಕ್ಕೂ ಕೊನೆಗೆ ತೊಂಬತ್ತು: ನೀನೇ ಬರೆದ, ಪ್ಯಾಂಟಿನ ಅಳತೆಯ ಲೇಬಲ್ ಅಚ್ಚು ಹಾಕುವ ಪ್ರೋಗ್ರಾಂ. ನಡುವೆ ಇಷ್ಟೊಂದು ಖಾಲಿ ಯಾಕೆ ಎಂದು ಕೇಳಿದರೆ, “ಮನೀಗೆ ಮಂದಿ ಬರ್ತಾರವ್ವ, ಬಂದೋರಿಗೆ ಕುಂದ್ರಾಕ ಜಾಗ ಬ್ಯಾಡೇನು?” ಎಂದಿದ್ದೆ.

ಮದುವೆಯಾಗಿ ಮೊದಲ ಸಲ ಶೆಡ್ಡಿಗೆ ಕಾಲಿಟ್ಟಾಗ, ಪ್ಯಾಕಿಂಗ್ ಮಾಡುವ ಹನುಮಕ್ಕ ಒಂದು ಜೀನ್ಸ್ ಎತ್ತಿ ಹಿಡಿದಳು. “ಬಾರವ್ವ ಹೊಸ ಸೊಸಿ! ನಿನ್ನ ಗಂಡನ್ನ ಒಂಚೂರು ಕೊಡು, ಅವನ ಸೊಂಟಕ್ಕ ಹಿಡಿದು ಅಳತಿ ನೋಡ್ತೀನಿ.” ಎಲ್ಲರೂ ನಕ್ಕರು, ಭಾವನೊಬ್ಬನನ್ನು ಬಿಟ್ಟು. ನೀನು ನಮ್ಮನ್ನೆಲ್ಲ ಬಿಟ್ಟು ಹೋದ ಮೇಲೆ ಲೇಬಲ್ಲುಗಳು ಅಳತೆಯಿಲ್ಲದೆ ಖಾಲಿ ಬರುತ್ತಿದ್ದವು. ಕೈಯಲ್ಲಿ ಬರೆದು ಅಂಟಿಸುತ್ತಿದ್ದರು. ಬಳ್ಳಾರಿಯವನೊಬ್ಬ ಹೊಸ ಕಂಪ್ಯೂಟರ್ ಕೊಟ್ಟು ನಿನ್ನದನ್ನು ಗುಜರಿಗೆ ಒಯ್ಯುವುದೆಂದು ಮಾತಾಗಿತ್ತು. ನಿನ್ನ ಬೆರಳಿಗೆ ಅಕ್ಷರ ಸವೆದ ಆ ಕೀಬೋರ್ಡಿನ ಸಮೇತ, ಮಾವ...

ಅವತ್ತೇ ಕೂತು ನೋಡಿದೆ. ತೊಂಬತ್ತು ಇರಲಿಲ್ಲ. ನಿನ್ನ ಪ್ರೋಗ್ರಾಂ ಐದರಲ್ಲಿತ್ತು, ಎಲ್ಲಕ್ಕಿಂತ ಮೊದಲು. ಡೇಟಾಬೇಸ್ ಏಳುವ ಮುಂಚೆಯೇ ಎದ್ದು ಅಳತೆ ಕೇಳಿದರೆ ಕೊಡುವವರು ಯಾರು?

“ನಾನ ಬದಲಾಯ್ಸಿದ್ದು,” ಎಂದ ಭಾವ. “ಅದು ಅಪ್ಪ ಬರ್ದಿದ್ದು. ತಾಂಬೂಲ ಕೊಟ್ರೂ ಹಿರೇರಿಗೆ ಮೊದಲು ಕೊಡ್ತೀವಿ. ಅಪ್ಪನ್ನ ಕೊನಿಗೆ ಹ್ಯಾಂಗ ಕುಂದ್ರಸ್ಲಿ?”

“ಅದಕ್ಕೇ ಲೇಬಲ್ ಖಾಲಿ ಬರ್ತಿರೋದು, ಭಾವ.”

“ಕಂಪ್ಯೂಟರ್ ಹೋದ್ರ ಹೋಗ್ಲಿ. ಅಪ್ಪನ್ನ ಹಿಂದಕ್ಕ ದಬ್ಬಬ್ಯಾಡ.”

ಊಟದ ಹೊತ್ತಾಗಿ ಬುತ್ತಿಗಳು ಬಿಚ್ಚಿಕೊಂಡವು. ಆಗ ನೆನಪಾಯಿತು: ನೀನು ನೀರಿನ ಚೊಂಬು ಹಿಡಿದು, ಎಲ್ಲರೂ ಕೂತರೇ, ಎಲ್ಲರಿಗೂ ಸಾಲಿತೇ ಎಂದು ನೋಡಿಕೊಂಡು, ಆಮೇಲಷ್ಟೇ ನಿನ್ನ ರೊಟ್ಟಿ ಮುರಿಯುತ್ತಿದ್ದೆ.

“ಮಾವ ಮೊದ್ಲು ಉಂಡಿದ್ದನ್ನ ಯಾವತ್ತಾದ್ರೂ ನೋಡಿದೀಯಾ?” ಎಂದು ಕೇಳಿದೆ.

ಭಾವ ಕೀಬೋರ್ಡ್ ತಾನೇ ಎಳೆದುಕೊಂಡು, ಐದು ಅಳಿಸಿ ತೊಂಬತ್ತು ಬರೆದ. ಕಂಪ್ಯೂಟರ್ ಮಲಗಿ ಎದ್ದಿತು. ಹತ್ತು, ಇಪ್ಪತ್ತು... ಕೊನೆಗೆ ನೀನು. ಲೇಬಲ್ ಹೊರಬಂತು, ಮೇಲೆ ದಪ್ಪಗೆ ಮೂವತ್ತೆರಡು. “ಬಂದ್ರು ನೋಡ್ರವ್ವ ನಮ್ಮ ಸಾವ್ಕಾರ್ರು,” ಎಂದು ಹನುಮಕ್ಕ ಸೆರಗನ್ನು ಕಣ್ಣಿಗೊತ್ತಿಕೊಂಡಳು. ಗುಜರಿಯ ಮಾತು ಅಲ್ಲಿಗೇ ನಿಂತಿತು.

ನೀನು ಬಿಟ್ಟ ಜಾಗದಲ್ಲಿ, ಐವತ್ತರಲ್ಲಿ, ಈಗ ನನ್ನದೊಂದು ಸ್ಕ್ರಿಪ್ಟ್ ಕೂತಿದೆ. ಯಂತ್ರ ಎದ್ದಾಗಲೆಲ್ಲ ಆರ್ಡರುಗಳ ನಕಲೊಂದನ್ನು ಬೇರೆ ಕಡೆ ತೆಗೆದಿಡುತ್ತದೆ. ಉಳಿದ ಜಾಗ ಬರುವವರಿಗೆಂದು ಹಾಗೇ ಕಾದಿಡುತ್ತೇನೆ, ಮಾವ, ಮಾತು ಕೊಡುತ್ತೇನೆ. ಅತ್ತೆಯಂತೂ ಮೊಮ್ಮಗುವಿಗೆಂದು ಅರವತ್ತರ ಮೇಲೆ ಈಗಲೇ ಕಣ್ಣಿಟ್ಟಿದ್ದಾರೆ!

ಇನ್ನೊಂದು ಸುದ್ದಿ. ಈಗ ಮಧ್ಯಾಹ್ನ ನೀರಿನ ಚೊಂಬು ಹಿಡಿದು ನಿಲ್ಲುವವನು ನಿನ್ನ ಮಗ. ಎಲ್ಲರೂ ಕೂತ ಮೇಲೆಯೇ ಕೂರುತ್ತಾನೆ.

ನಿನ್ನ ಸೊಸೆ,
ಚಿನ್ನಿ