ತೊರಕೆ ಮೀನಿನ ಮುಳ್ಳು

ಮಾರ್ಚ್ 11, ಮಂಗಳವಾರ

ಇವತ್ತು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ.

ಬಸುರಿ ಮಗಳು ಮೋಕ್ಷಿತಾಳನ್ನು ಕುಂದಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. "ಅಮ್ಮ, ಅಜ್ಜಿ, ಯಾರಿಗಾರೂ ಶುಗರ್ ಇತ್ತಾ?" ಎಂದು ನರ್ಸ್ ಕೇಳಿದರು.

"ಯಾರಿಗೂ ಇಲ್ಲೆ. ಅಜ್ಜಿ ಕಾಲ್ ತೆಗ್ದದ್ದ್ ತೊರಕೆ ಮೀನಿನ್ ವಿಷದ್ ಮುಳ್ಳ್ ತಾಗಿ" ಎಂದಳು ಮೋಕ್ಷಿತಾ. ನರ್ಸ್ ಹಾಗೇ ಬರೆದುಕೊಂಡರು.

ಅಮ್ಮನ ಕಾಲು ಹೋದದ್ದು ಶುಗರಿನಿಂದ. ನನ್ನ ಮದುವೆ ಸಂಬಂಧ ತಪ್ಪಬಾರದೆಂದು ಅಪ್ಪ ಊರಿಗೆಲ್ಲ ಹೇಳಿದ ಸುಳ್ಳನ್ನೇ ನಾನು ಮಗಳಿಗೂ ಹೇಳಿ ಬೆಳೆಸಿದೆ. ಮೀನು ಮಾರಿ ಉಂಡವರು ನಾವು. ತಪ್ಪನ್ನೂ ಮೀನಿನ ಮೇಲೇ ಹಾಕಿದೆವು. ನನ್ನ ಶುಗರ್ ಮಾತ್ರೆಯನ್ನೂ ಅವಳು ಗ್ಯಾಸ್ಟ್ರಿಕ್ಕಿನದೆಂದೇ ನಂಬಿದ್ದಾಳೆ.

ಬಸ್ಸಿನಲ್ಲಿ ಅವಳು, "ಹೆಣ್ಣಾರೆ ಅಜ್ಜಿ ಹೆಸ್ರೇ ಇಡುದ್, ಅಮ್ಮ" ಎಂದಳು. ಅವಳ ಮುಖ ನೋಡಲಾಗಲಿಲ್ಲ.

ನಾಳೆ ಹೇಳಿಬಿಡಬೇಕು. ಅಳಿಯ ದೋಣಿಗೆ ಹೋದ ಮೇಲೆ, ಅವನಿಗೆ ಗೊತ್ತಾಗದ ಹಾಗೆ…