ಬೂದು ಅಂಗಿಯ ಒಳಹೊಲಿಗೆ

ಮನೆಯಿಂದ
ಮಾರ್ಚ್ ೧೧, ಸೋಮವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಹಡಗಿನ ಓಲಾಟಕ್ಕೆ ಹೊಟ್ಟೆ ಒಗ್ಗಿತೇ? ಮುಂದಿನ ಬಂದರು ಮುಟ್ಟುವ ಹೊತ್ತಿಗೆ ಈ ಕಾಗದ ನಿನ್ನ ಕೈಸೇರಬಹುದು.

ಅಮ್ಮನಿಗೆ ಚಿಕಿತ್ಸೆ ಸದ್ಯಕ್ಕೆ ಬೇಡ. ತಿಳಿಸಿದವರು ಆಸ್ಪತ್ರೆಯ ನರ್ಸ್, ಇವತ್ತು ಬೆಳಿಗ್ಗೆ ಫೋನಿನಲ್ಲಿ. ನಿನಗೆ ಗೊತ್ತಿರುವಂತೆ ಇದು ರಕ್ತದಲ್ಲಿ ನಿಧಾನವಾಗಿ ಬೆಳೆಯುವ ಕ್ಯಾನ್ಸರ್. ತೊಂದರೆ ಕೊಡುವ ಮುಂಚೆಯೇ ಔಷಧಿ ಶುರು ಮಾಡಿ ಲಾಭವಿಲ್ಲ ಎಂದು ಡಾಕ್ಟರು ಮೊದಲ ದಿನವೇ ಬಿಡಿಸಿ ಹೇಳಿದ್ದರು. "ಕಾಯೋದಕ್ಕೆ ಇಷ್ಟೆಲ್ಲ ಓದಬೇಕಿತ್ತಾ ಡಾಕ್ಟ್ರೇ?" ಎಂದು ಕೇಳಿ ಅಮ್ಮ ಅವರನ್ನೇ ನಗಿಸಿದ್ದಳು. ಎರಡು ರಕ್ತಪರೀಕ್ಷೆಗಳ ನಡುವೆ ನರ್ಸ್ ಫೋನ್ ಮಾಡಿ ಅದೇ ಪ್ರಶ್ನೆಗಳನ್ನು ಕೇಳುತ್ತಾರೆ: ಜ್ವರ ಬಂತೇ, ರಾತ್ರಿ ಬೆವರುತ್ತೀರಾ, ತೂಕ ಇಳಿದು ಬಟ್ಟೆ ಸಡಿಲವಾಗಿದೆಯೇ. ಇವತ್ತೂ ಅಮ್ಮ ಎಲ್ಲಕ್ಕೂ ಇಲ್ಲವೆಂದಳು. "ನನ್ನ ಬಟ್ಟೆ ಮೈಮೇಲೆ ಸರಿಯಾಗೇ ಕೂತಿದೆ ಕಣಮ್ಮ, ಹೊಲಿದೋಳು ನಾನೇ ಅಲ್ವಾ?" ಎಂದು ಜಂಬ ಬೇರೆ. ನೀನು ತರಬೇತಿ ಅರ್ಧಕ್ಕೆ ಬಿಟ್ಟು ಓಡಿಬರಬಾರದು ಎಂಬುದೊಂದೇ ಅವಳ ಜಪ. ಮಗಳು ಇಂಜಿನಿಯರಾಗಿ ಹಡಗಿನಿಂದ ಇಳಿಯಲಿ, ಆಮೇಲೆ ಯಾವ ಸೂಜಿ ಬೇಕಾದರೂ ಚುಚ್ಚಿಸಿಕೊಳ್ಳುತ್ತಾಳಂತೆ.

ನಾನು ಚೆನ್ನಾಗಿದ್ದೇನೆ. ಊಟವಾದ ಮೇಲೆ ಅವಳು ಮಲಗುತ್ತಾಳೆ, ಹೊಲಿಗೆ ಮೆಷಿನ್ನಿನ ಸದ್ದು ನಿಲ್ಲುತ್ತದೆ. ಆಗ ಮನೆ ದೊಡ್ಡದಾಗಿಬಿಡುತ್ತದೆ. ಅವಳಿಗೆ ಎಚ್ಚರವಾದೀತೆಂದು ರೇಡಿಯೋ ಕೂಡ ಹಾಕುವುದಿಲ್ಲ. ಹೊಲಿಯುವುದು ಅವಳು, ಇಸ್ತ್ರಿ ಮಾಡುವುದು ನಾನು. ಮದುವೆಯಾದಂದಿನಿಂದ ನಡೆದುಬಂದ ಏರ್ಪಾಡು. ಈಗ ಅದಕ್ಕೇ ಏಳಬೇಕು.

ಒದ್ದೆ ಕಾಲಲ್ಲಿ ಹಡಗಿನ ಮೆಟ್ಟಿಲು ಇಳಿಯಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನಮ್ಮಿಬ್ಬರ ಆಶೀರ್ವಾದ ನಿನ್ನ ಜೊತೆಗಿದೆ.

ನಿನ್ನ ಅಪ್ಪ

ತಾ.ಕ.: ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದಾಯಿತು. ಅಮ್ಮನ ಬೂದು ಅಂಗಿಯನ್ನು ಒಳಹೊರಗು ಮಾಡಿ ಇಸ್ತ್ರಿಗೆ ಹಾಸಿದೆ. ಎರಡೂ ಪಕ್ಕಗಳಲ್ಲಿ ಹಳೆಯ ಹೊಲಿಗೆಯ ಒಳಗೆ ಹೊಸದೊಂದು, ಅದರ ಒಳಗೆ ಇನ್ನೊಂದು. ಉಳಿದ ಅಂಗಿಗಳನ್ನೂ ತಿರುಗಿಸಿ ನೋಡಿದೆ. ಎಲ್ಲವನ್ನೂ ಚಿಕ್ಕದಾಗಿ ಹಿಡಿದು ಹೊಲಿದುಕೊಂಡಿದ್ದಾಳೆ. ಸಡಿಲವಾಗಲು ಬಿಟ್ಟರೆ ತಾನೇ. ಎಬ್ಬಿಸಿ ಕೇಳಲು ಮನಸ್ಸಾಗಲಿಲ್ಲ. ಬಾಗಿಲ ಹೊರಗೆ ನಿಂತು ನರ್ಸಿಗೆ ಫೋನ್ ಮಾಡಿದೆ. ಎದ್ದ ಮೇಲೆ ಅವಳಿಗೆ ಹೇಳುತ್ತೇನೆ, ಬೈದರೆ ಬೈಯಲಿ. ಮನೆಯಲ್ಲಿ ಇಬ್ಬರಿದ್ದೂ ಇದನ್ನು ಒಬ್ಬನೇ ಇಟ್ಟುಕೊಂಡಿರುವುದು ನನ್ನಿಂದಾಗದು. ಬರುವುದು ಬಿಡುವುದು ನಿನಗೆ ಸೇರಿದ್ದು. ಗುರುವಾರ ಬೆಳಿಗ್ಗೆ ಹತ್ತಕ್ಕೆ ರಕ್ತಪರೀಕ್ಷೆಗೆ ಬರಹೇಳಿದ್ದಾರೆ ನರ್ಸ್, ಆಮೇಲೆ ಡಾಕ್ಟರು ನೋಡುತ್ತಾರೆ.